ಲೈನ್ ಕ್ಲಿಯರ್ ಎಂದರೇನು?



ನಮ್ಮ ಶಾಲೆಯ ವಿಜ್ಞಾನದ ಕೋಣೆಯ ಕಥೆಯನ್ನು ಈ ಸಲ ಮುಂದುವರಿಸುವುದಾಗಿ ಮಾತು ಕೊಟ್ಟಿದ್ದೆ. ಆ ಮಾತನ್ನು ಒಂದು ತಿಂಗಳು ಮುಂದೂಡಿದ್ದೇನೆ, ಕ್ಷಮಿಸಿ. ಮನಸ್ಸಿನಲ್ಲಿ ಸಿಟ್ಟಿರುವಾಗ ಹಳೆಯ ನೆನಪುಗಳನ್ನು ಬರೆದರೆ ನೆನಪುಗಳೂ ಕಹಿಯಾಗುತ್ತವೆ. ಆದ್ದರಿಂದ ಮೊದಲು ಸಿಟ್ಟನ್ನೇ ಬರೆದುಬಿಡುತ್ತೇನೆ.

ಮೂರು ವಾರದ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು ಬೇಡ, ಅವನ ಕೆಲಸಕ್ಕೆ ತೊಂದರೆಯಾಗಬಾರದು. ಬಸ್ ಚಾಲಕ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಮೂರು ಅಂಕ ಕಡಿಮೆಯಾಗಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದವನು. ಇಪ್ಪತ್ತೆರಡು ವರ್ಷಗಳಿಂದ ಘಟ್ಟದ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದಾನೆ, ಒಂದು ಅಪಘಾತವೂ ಇಲ್ಲ. ಕೈಯಲ್ಲಿ ಒಂದು ಮೆಮೊ ಹಿಡಿದಿದ್ದ. "ಸಾರ್, ಇದಕ್ಕೆ ಉತ್ತರ ಬರೆದುಕೊಡಬೇಕು. ನನಗೆ ಬರೆಯಲು ಬರುವುದಿಲ್ಲ ಅಂತಲ್ಲ. ಏನು ಬರೆಯಬೇಕು ಎಂದೇ ತೋಚುತ್ತಿಲ್ಲ" ಎಂದ.

ಮೆಮೊದಲ್ಲಿ ಇದ್ದದ್ದು ಇಷ್ಟು: ಇಂಥ ದಿನಾಂಕದಂದು, ಇಂಥ ಬಸ್ಸು, ಘಟ್ಟ ಆರಂಭವಾಗುವ ದೇವಸ್ಥಾನದ ತಿರುವಿನಲ್ಲಿ ಬೆಳಿಗ್ಗೆ 9.12ರಿಂದ 9.48ರವರೆಗೆ, ಅಂದರೆ 36 ನಿಮಿಷ, ಅನುಮತಿಯಿಲ್ಲದೆ ನಿಂತಿತ್ತು. ಕಾರಣ ತಿಳಿಸಿ; ಇಲ್ಲದಿದ್ದರೆ ಶಿಸ್ತುಕ್ರಮ ಕೈಗೊಳ್ಳಲಾಗುವುದು. "ನಾನು ಅಲ್ಲಿ ನಿಲ್ಲಿಸಲೇ ಇಲ್ಲ ಸಾರ್. ದೇವರಿಗೆ ಕೈ ಮುಗಿಯಲೂ ನಿಲ್ಲಿಸಲಿಲ್ಲ" ಎಂದು ಅವನು ಹೇಳಿದಾಗ, ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು. ಆ ತಿರುವಿನಿಂದ ಮುಂದೆ 18 ಕಿಲೋಮೀಟರು ಮೊಬೈಲ್ ಸಿಗ್ನಲ್ ಸಿಗುವುದಿಲ್ಲ ಎಂಬುದು ಆ ದಾರಿಯಲ್ಲಿ ಓಡಾಡುವ ಕಾಫಿ ತೋಟದ ಕೂಲಿಯಾಳುಗಳಿಗೂ ಗೊತ್ತು. ಮೆಮೊ ಕಳಿಸಿದ ಯಂತ್ರಕ್ಕೆ ಗೊತ್ತಿಲ್ಲ. ಅಥವಾ ಯಂತ್ರಕ್ಕೆ ಗೊತ್ತಿದ್ದು, ಅದನ್ನು ಓದುವವರಿಗೆ ಗೊತ್ತಿಲ್ಲ.

ಇದಕ್ಕೆ ಹತ್ತು ದಿನ ಮುಂಚೆ, ಬೇರೊಂದು ಊರಿನಲ್ಲಿ, ನನ್ನ ಅತ್ತಿಗೆಯವರನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೊರಟಿದ್ದೆ. ಅವರಿಗೆ ಎಂಬತ್ತೊಂದು, ನನಗೆ ಎಪ್ಪತ್ತೆಂಟು. ಬಸ್ ತಂಗುದಾಣದಲ್ಲಿ ಕೆಂಪು ಅಕ್ಷರದ ವಿದ್ಯುತ್ ಫಲಕವೊಂದಿತ್ತು. ನಮ್ಮ ಬಸ್ಸು "3 ನಿಮಿಷ" ಎಂದು ತೋರಿಸುತ್ತಿತ್ತು. ಮೂರು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಫಲಕ ಮಾತ್ರ ಕದಲದೆ "3 ನಿಮಿಷ" ಎಂದೇ ಹೇಳುತ್ತಿತ್ತು. ಅತ್ತಿಗೆಯವರು ನಿಂತೇ ಇದ್ದರು. ಮೂರು ನಿಮಿಷಕ್ಕೆ ಕುಳಿತು ಏಳುವ ಕಷ್ಟ ಯಾಕೆ ಎಂದು. ಕೊನೆಗೆ ಪಕ್ಕದ ಹೂವಿನವಳು, "ಅದು ಬೆಳಗ್ಗೆಯಿಂದ ಮೂರೇ ನಿಮಿಷ ಅಂತಿದೆ ಅಜ್ಜಾ, ಅದನ್ನ ನಂಬಬೇಡಿ" ಎಂದಳು. ಬಸ್ಸು ಬಂದದ್ದು 52 ನಿಮಿಷದ ನಂತರ. ಆಸ್ಪತ್ರೆಯಲ್ಲಿ ನಮ್ಮ ಸರದಿ ಕಳೆದುಹೋಗಿತ್ತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ನಡೆದದ್ದು ಒಂದೇ: ಬಸ್ಸಿನಲ್ಲಿರುವ ಪೆಟ್ಟಿಗೆಗೂ ಕಚೇರಿಯ ಗಣಕಯಂತ್ರಕ್ಕೂ ನಡುವೆ ಮಾತು ನಿಂತುಹೋಯಿತು. ಆದರೆ ಆ ಮೌನಕ್ಕೆ ಎರಡು ಅರ್ಥ ಹಚ್ಚಲಾಯಿತು. ಕಾಯುವ ಮುದುಕಿಗೆ, "ಎಲ್ಲವೂ ಸರಿಯಾಗಿದೆ, ಬಸ್ಸು ಬಂದೇಬಿಟ್ಟಿತು". ಬಸ್ಸು ಓಡಿಸುವ ಚಾಲಕನಿಗೆ, "ನೀನು ತಪ್ಪು ಮಾಡಿದ್ದೀಯೆ". ಎರಡೂ ಸುಳ್ಳು. ಎರಡೂ ಸಂಸ್ಥೆಗೆ ಅನುಕೂಲವಾದ ಸುಳ್ಳು. ನನ್ನ ಜಗಳ ಇರುವುದು ಇಲ್ಲಿ.

ಈ ವ್ಯವಸ್ಥೆಗೆ "ಜಾಣ ಸಾರಿಗೆ", "ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಂ" ಎಂದು ಹೆಸರು. ಹೆಸರು ದೊಡ್ಡದು. ನಾನು ಹುಟ್ಟಿ ಬೆಳೆದದ್ದು ಇದಕ್ಕಿಂತ ಬಹಳ ಹಳೆಯದಾದ, ಹೆಸರೇ ಇಲ್ಲದಿದ್ದ ಒಂದು ಜಾಣ ಸಾರಿಗೆಯ ಮನೆಯಲ್ಲಿ. ನಮ್ಮ ತಂದೆಯವರು ಬೀರೂರು–ಶಿವಮೊಗ್ಗ ಮೀಟರ್ ಗೇಜ್ ಮಾರ್ಗದ ಒಂದು ಪುಟ್ಟ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ದಿನಕ್ಕೆ ಕೆಲವೇ ಗಾಡಿಗಳು, ಒಂದೇ ಹಳಿ. ಎದುರುಬದುರು ಬರುವ ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಸೇರದಂತೆ ನೋಡಿಕೊಳ್ಳುವುದು ಅವರ ಕೆಲಸ. ಅದಕ್ಕೆ ಅವರ ಬಳಿ ಇದ್ದದ್ದು ಕೆಂಪು ಬಣ್ಣ ಬಳಿದ ಒಂದು ಕಬ್ಬಿಣದ ಪೆಟ್ಟಿಗೆ. ನೀಲ್ಸ್ ಟೋಕನ್ ಯಂತ್ರವೆಂದು ಅದರ ಹೆಸರು. ಅದರ ಹೊಟ್ಟೆಯೊಳಗೆ ಉಕ್ಕಿನ ಗುಂಡುಗಳು. ನಮ್ಮ ಪೆಟ್ಟಿಗೆಯಿಂದ ಮುಂದಿನ ನಿಲ್ದಾಣದ ಅಂಥದೇ ಪೆಟ್ಟಿಗೆಗೆ ತಂತಿ.

ಗಾಡಿ ಬಿಡಬೇಕಾದರೆ ತಂದೆಯವರು ಮೊದಲು ಗಂಟೆ ಒತ್ತುತ್ತಿದ್ದರು. ಆ ಕಡೆಯವರು ಗಂಟೆಯಲ್ಲೇ ಉತ್ತರಿಸಬೇಕು. ಅವರು ಒಪ್ಪಿ, ತಮ್ಮ ಕಡೆಯಿಂದ ವಿದ್ಯುತ್ತನ್ನು ಕಳಿಸಿದರೆ ಮಾತ್ರ ನಮ್ಮ ಹಿಡಿ ತಿರುಗುತ್ತಿತ್ತು. ಒಂದು ಗುಂಡು "ಠಣ್" ಎಂದು ಕೆಳಕ್ಕೆ ಬೀಳುತ್ತಿತ್ತು. ಆ ಗುಂಡು ಹೊರಬಿದ್ದ ಮೇಲೆ, ಅದು ಮತ್ತೆ ಈ ಪೆಟ್ಟಿಗೆಗೋ ಆ ಪೆಟ್ಟಿಗೆಗೋ ಸೇರುವವರೆಗೆ ಇನ್ನೊಂದು ಗುಂಡು ಯಾವ ಕಡೆಯಿಂದಲೂ ಬೀಳುವಂತಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಸಿಕ್ಕಿಸಿ, ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ. ಚಾಲಕ ಅದನ್ನು ತೋಳಿನಲ್ಲಿ ಸಿಕ್ಕಿಸಿಕೊಂಡು, ಗುಂಡಿನ ಮೇಲೆ ಕೊರೆದ ಗುರುತನ್ನು ಓದಿ ಖಚಿತಪಡಿಸಿಕೊಂಡು ಮುಂದುವರಿಯುತ್ತಿದ್ದ. ಇದೇ "ಲೈನ್ ಕ್ಲಿಯರ್". ಮದುವೆ ಮಾತುಕತೆಯಿಂದ ಹಿಡಿದು ಸಾಲದ ಅರ್ಜಿಯವರೆಗೆ ನಾವೆಲ್ಲ "ಲೈನ್ ಕ್ಲಿಯರ್ ಆಯಿತೇ?" ಎಂದು ಕೇಳುತ್ತೇವಲ್ಲ, ಆ ಮಾತು ಬಂದದ್ದು ಈ ಪೆಟ್ಟಿಗೆಗಳಿಂದ.

1958ರ ಸುಮಾರಿಗೆ, ಒಂದು ಮಳೆಗಾಲದ ರಾತ್ರಿ, ಮರ ಬಿದ್ದು ತಂತಿ ಹರಿಯಿತು. ಗಂಟೆ ಒತ್ತಿದರೆ ಉತ್ತರವಿಲ್ಲ. ಗಾಡಿ ನಿಂತಿತು. ಮೊದಲ ದರ್ಜೆಯಲ್ಲಿದ್ದ ದೊಡ್ಡ ಮನುಷ್ಯರೊಬ್ಬರು ಕೊಡೆ ಹಿಡಿದು ಇಳಿದು ಬಂದು ಕೂಗಾಡಿದರು. ಅವರಿಗೆ ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಸಭೆ. "ಎದುರಿನಿಂದ ಯಾವ ಗಾಡಿಯೂ ಇಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಿಡ್ರೀ ಮಾಸ್ತರೇ!" ತಂದೆಯವರು ಧ್ವನಿ ಏರಿಸದೆ, "ಸ್ವಾಮೀ, ಆ ಕಡೆಯಿಂದ ಮಾತು ಬಂದಿಲ್ಲ. ಮಾತು ಬಂದಿಲ್ಲ ಅಂದರೆ ದಾರಿ ಇಲ್ಲ ಅಂತಲೇ ಅರ್ಥ" ಎಂದರು. ಹನ್ನೊಂದು ವರ್ಷದ ನಾನು ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆ. ಕೊನೆಗೆ ನಿಯಮದಂತೆ ಬೇರೆ ದಾರಿಯಿಂದ ಆ ನಿಲ್ದಾಣವನ್ನು ಸಂಪರ್ಕಿಸಿ, ಖಾಸಗಿ ಸಂಖ್ಯೆಗಳನ್ನು ಪರಸ್ಪರ ಪಡೆದು, ಕಾಗದದ ಮೇಲೆ ಅನುಮತಿ ಬರೆದು ಗಾಡಿ ಬಿಟ್ಟಾಗ ಎರಡು ಗಂಟೆ ತಡವಾಗಿತ್ತು. ಮೇಲಿನಿಂದ ಮೆಮೊ ಬರಲಿಲ್ಲ. ತಡವಾದದ್ದಕ್ಕೆ ಕಾರಣವೇನೆಂದು ಮೇಲಿನವರಿಗೆ ಗೊತ್ತಿತ್ತು. ಅವರೂ ಆ ಪೆಟ್ಟಿಗೆಯ ಮುಂದೆ ಕುಳಿತು ಬಂದವರೇ.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ, ರಕ್ತ ಕೊಟ್ಟು ಕಲಿತದ್ದು. 1874ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ವಿಚ್ ಬಳಿಯ ಥಾರ್ಪ್ ಎಂಬಲ್ಲಿ, ಅಧಿಕಾರಿ ಸಹಿ ಹಾಕುವ ಮೊದಲೇ ಒಂದು ತಂತಿ ಸಂದೇಶ ಹೊರಟುಹೋಯಿತು. ಒಂದೇ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗಿ 25 ಜನ ಸತ್ತರು. ತಂತಿ ಕೆಟ್ಟಿರಲಿಲ್ಲ, ಗುಮಾಸ್ತ ಕುಡಿದಿರಲಿಲ್ಲ. ಸಂದೇಶ ಮಾತ್ರ ತಪ್ಪಾಗಿತ್ತು. ಬರೀ ಮಾತನ್ನು ನಂಬಿದರೆ ಸಾಲದು, ಮಾತಿಗೆ ಕೈಗೆ ಸಿಗುವಂಥ ಒಂದು ಸಾಕ್ಷಿ ಬೇಕು ಎಂದು ಯೋಚಿಸಿದ ಎಡ್ವರ್ಡ್ ಟೈಯರ್ 1878ರಲ್ಲಿ ಟ್ಯಾಬ್ಲೆಟ್ ಯಂತ್ರವನ್ನು ರೂಪಿಸಿದ. ನಮ್ಮ ತಂದೆಯವರ ಗುಂಡಿನ ಪೆಟ್ಟಿಗೆ ಅದೇ ವಂಶದ ಕುಡಿ. 1876ರ ಜನವರಿಯಲ್ಲಿ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಬಿದ್ದು ಕೈಮರಗಳು "ದಾರಿ ಇದೆ" ಎಂಬ ಭಂಗಿಯಲ್ಲೇ ಹೆಪ್ಪುಗಟ್ಟಿ ನಿಂತವು. ಸಿಗ್ನಲ್‌ಮನ್ ಸನ್ನೆ ಎಳೆದ, ಅಪಾಯ ತೋರಿಸಿದ್ದೇನೆಂದು ನಂಬಿದ, ಕೈಮರ ಅಲ್ಲಾಡಲಿಲ್ಲ, ಗಾಡಿಗಳು ಒಂದರ ಮೇಲೊಂದು ಬಂದು ಬಿದ್ದವು. ಆವರೆಗೆ ಅಲ್ಲಿ ಸಂಕೇತದ ಸಹಜ ಸ್ಥಿತಿ "ಹೋಗು" ಎಂದಿತ್ತು. ಅಂದಿನಿಂದ ಸಹಜ ಸ್ಥಿತಿ "ನಿಲ್ಲು" ಎಂದಾಯಿತು. ಅತ್ತಿಗೆಯವರು ಕಂಡ "3 ನಿಮಿಷ" ಎಂಬುದು, ನನ್ನ ಲೆಕ್ಕದಲ್ಲಿ, ಆ ಹೆಪ್ಪುಗಟ್ಟಿದ ಕೈಮರವೇ. ಒಂದೂವರೆ ಶತಮಾನದ ಹಿಂದೆ ರೈಲಿನವರು ತಿದ್ದಿಕೊಂಡ ತಪ್ಪನ್ನು ನಾವು ಕೆಂಪು ದೀಪದ ಅಕ್ಷರಗಳಲ್ಲಿ ಮತ್ತೆ ಬರೆದು ತಂಗುದಾಣಕ್ಕೆ ನೇತುಹಾಕಿದ್ದೇವೆ.

ರೈಲ್ವೆಯವರು ದೇವತೆಗಳು ಎಂದು ನಾನು ಹೇಳುತ್ತಿಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ, ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸಿರು ಸಂಕೇತ ತೋರಿಸಿ, ಅದನ್ನು ಸರಕು ಗಾಡಿ ನಿಂತಿದ್ದ ಪಕ್ಕದ ಹಳಿಗೆ ತಿರುಗಿಸಲಾಯಿತು. ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯ ಕೊನೆಯ ಬೋಗಿಗಳೂ ಆ ರಾಶಿಗೆ ಸಿಕ್ಕವು. 290ಕ್ಕೂ ಹೆಚ್ಚು ಜನ ಸತ್ತರು. ಸಂಕೇತದ ತಂತಿಗಳನ್ನು ದುರಸ್ತಿಯ ವೇಳೆ ತಪ್ಪಾಗಿ ಜೋಡಿಸಿದ್ದೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಅಂದರೆ, ಅತಿ ಜಾಣ ಜಾಲವೂ ದುರಸ್ತಿ ಮಾಡುವವನ ಕೈಯಷ್ಟೇ ಜಾಣ. ಆದರೆ ಒಂದು ಮಾತು ಗಮನಿಸಿ: ಅಲ್ಲಿ ತನಿಖೆ ನಡೆಯಿತು, ಯಾವ ಗೂಡಿನಲ್ಲಿ ಯಾವ ತಂತಿ ತಪ್ಪಿತೆಂದು ಹುಡುಕಲಾಯಿತು, ವರದಿ ಬರೆಯಲಾಯಿತು. ತಂಗುದಾಣದ ಫಲಕ ಸುಳ್ಳು ಹೇಳಿದಾಗ ಯಾರು ತನಿಖೆ ಮಾಡುತ್ತಾರೆ? ಹೂವಿನವಳು ಮಾಡಿದ್ದಾಳೆ. ಅವಳ ವರದಿಯನ್ನು ಮೇಲೆ ದಾಖಲಿಸಿದ್ದೇನೆ.

ಇಂದಿನ ರೈಲಿನ ಹೊಸ ಟೋಕನ್ "ಕವಚ್". ನಮ್ಮ ದೇಶದಲ್ಲೇ ರೂಪುಗೊಂಡದ್ದು. 2020ರಲ್ಲಿ ಅದನ್ನು ರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯೆಂದು ಅಂಗೀಕರಿಸಲಾಯಿತು. ಹಳಿಯ ನಡುವೆ ಅಂಟಿಸಿದ ರೇಡಿಯೊ ಚೀಟಿಗಳನ್ನು ಓದಿ ಎಂಜಿನ್ನು ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ನಿಲ್ದಾಣದ ಯಂತ್ರದೊಡನೆ ರೇಡಿಯೊ ಅಲೆಗಳಲ್ಲಿ ಮಾತಾಡುತ್ತದೆ. ಚಾಲಕ ಕೆಂಪು ದೀಪವನ್ನು ದಾಟಲು ಹೊರಟರೆ ತಾನೇ ಬ್ರೇಕು ಹಾಕುತ್ತದೆ. ಮೊದಲ ಪ್ರಯೋಗಗಳು ನಡೆದದ್ದು ದಕ್ಷಿಣ ಮಧ್ಯ ರೈಲ್ವೆಯಲ್ಲಿ. ನಮ್ಮ ವಾಡಿ, ಬೀದರ್ ಕಡೆಗೆ ಬರುವ ಹಳಿಗಳೂ ಅದರಲ್ಲಿದ್ದವು. ಆದರೆ 2024ರ ಮಧ್ಯದ ವೇಳೆಗೆ ಅದು ತಲುಪಿದ್ದು 1,465 ಮಾರ್ಗ ಕಿಲೋಮೀಟರು ಮಾತ್ರ. ದೇಶದಲ್ಲಿ ಒಟ್ಟು ಇರುವುದು 68 ಸಾವಿರಕ್ಕೂ ಹೆಚ್ಚು. ಅದೇ ವರ್ಷ ಜೂನ್ 17ರಂದು ಬಂಗಾಳದ ರಂಗಾಪಾನಿ ಬಳಿ, ಬೆಳಗಿನಿಂದ ಸಂಕೇತ ಕೆಟ್ಟಿದ್ದ ಹಳಿಯ ಮೇಲೆ, ಕಾಗದದ ಅನುಮತಿ ಪಡೆದಿದ್ದ ಸರಕು ಗಾಡಿ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿನ ಹಿಂಬದಿಗೆ ಗುದ್ದಿತು. ಕವಚ್ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ನಿಧಾನವಾಯಿತೆಂದು ಬೈಯುವವರಲ್ಲಿ ನಾನೂ ಒಬ್ಬ. ಆದರೂ ಅದನ್ನು ಕಟ್ಟುತ್ತಿರುವ ದಿಕ್ಕು ಸರಿಯಾದದ್ದು. ಮೌನವನ್ನು ಅದು ಅಪಾಯವೆಂದೇ ಓದುತ್ತದೆ.

ಇದನ್ನೆಲ್ಲ ಕಳೆದ ಭಾನುವಾರ ಮನೆಗೆ ಬಂದಿದ್ದ ಇನ್ನೊಬ್ಬ ಶಿಷ್ಯನ ಮುಂದೆ ಹೇಳಿದೆ. ಅವನು ಬೆಂಗಳೂರಿನಲ್ಲಿ ಇಂಥ ಜಾಲಗಳದೇ ಕೆಲಸದಲ್ಲಿದ್ದಾನೆ. ಉಪ್ಪಿಟ್ಟು ತಿನ್ನುತ್ತ ನಕ್ಕು, "ಸಾರ್, ರೈಲು ಬೇರೆ, ರಸ್ತೆ ಬೇರೆ. ಮೆಸೇಜ್ ಬರಲಿಲ್ಲ ಅಂತ ಬೆಂಗಳೂರಿನ ಎಲ್ಲ ವಾಹನಗಳನ್ನೂ ನಿಲ್ಲಿಸೋಕಾಗತ್ತಾ?" ಎಂದ. ಆಗುವುದಿಲ್ಲ, ಒಪ್ಪುತ್ತೇನೆ. ರಸ್ತೆಯಲ್ಲಿ ಎಲ್ಲ ವಾಹನಗಳಿಗೂ ಒಡೆಯನೊಬ್ಬನಿಲ್ಲ. ಎಮ್ಮೆಗೆ ರೇಡಿಯೊ ಕಟ್ಟಲಾಗುವುದಿಲ್ಲ. ವಾಹನ ವಾಹನದೊಡನೆ ಮಾತಾಡುವ ವ್ಯವಸ್ಥೆಗೆಂದು ಅಮೆರಿಕದವರು 1999ರಲ್ಲಿ 5.9 ಗಿಗಾಹರ್ಟ್ಸ್ ಸುತ್ತಿನ 75 ಮೆಗಾಹರ್ಟ್ಸ್ ತರಂಗಾಂತರವನ್ನು ಮೀಸಲಿಟ್ಟರು. ಇಪ್ಪತ್ತು ವರ್ಷ ಅದು ಬಹುಮಟ್ಟಿಗೆ ಖಾಲಿಯೇ ಉಳಿಯಿತು. 2020ರಲ್ಲಿ ಅದರಲ್ಲಿ 45ನ್ನು ಕಿತ್ತು ವೈಫೈ ಮುಂತಾದವಕ್ಕೆ ಕೊಟ್ಟುಬಿಟ್ಟರು. ಅಷ್ಟು ಶ್ರೀಮಂತರಿಗೇ ಅದು ಸುಲಭವಾಗಲಿಲ್ಲ.

ಆದರೆ ಅವನ ವಾದದಲ್ಲಿ ಒಂದು ಜಾಣ ಜಾರುವಿಕೆ ಇದೆ. ಮೌನಕ್ಕೆ ಎಲ್ಲ ವಾಹನವನ್ನೂ ನಿಲ್ಲಿಸಿ ಎಂದು ನಾನು ಕೇಳಲಿಲ್ಲ. ಮೌನವನ್ನು ಮೌನವೆಂದೇ ತೋರಿಸಿ ಎಂದು ಕೇಳುತ್ತಿದ್ದೇನೆ. ಇದು ಹಣದ ಪ್ರಶ್ನೆಯಲ್ಲ, ಪ್ರಾಮಾಣಿಕತೆಯ ಪ್ರಶ್ನೆ. ಗಂಟೆಗೆ 72 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ 20 ಮೀಟರು ಹೋಗುತ್ತದೆ (ನನ್ನ ತರಗತಿಯಲ್ಲಿ ಕುಳಿತವರೆಲ್ಲ ಈ ಲೆಕ್ಕ ಮಾಡಿದ್ದೀರಿ). ಹತ್ತು ಸೆಕೆಂಡಿಗೊಮ್ಮೆ ಸುದ್ದಿ ಕಳಿಸುವ ಪೆಟ್ಟಿಗೆಯ ಎರಡು ಸುದ್ದಿಗಳ ನಡುವೆ ಅದು 200 ಮೀಟರು ಮುಂದೆ ಹೋಗಿರುತ್ತದೆ. ಆದ್ದರಿಂದ "ಬಸ್ಸು ಇಲ್ಲಿದೆ" ಎಂಬ ಮಾತು ಯಾವಾಗಲೂ "ಬಸ್ಸು ಇಷ್ಟು ಹೊತ್ತಿನ ಹಿಂದೆ ಇಲ್ಲಿತ್ತು" ಎಂಬ ಮಾತೇ. ಆ "ಇಷ್ಟು ಹೊತ್ತು" ಎಂಬುದನ್ನು ಅಳಿಸಿ ತೋರಿಸಿದ ಕ್ಷಣ ಅದು ಸುಳ್ಳಾಗತೊಡಗುತ್ತದೆ. ಫಲಕದಲ್ಲಿ "ಕೊನೆಯ ಸುದ್ದಿ: 9.12" ಎಂದು ಇನ್ನೊಂದು ಸಾಲು ಬರೆಯಲು ಎಷ್ಟು ಕೋಟಿ ಬೇಕು?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೆಂಡರಿನಲ್ಲಿ ಅದನ್ನು ಕೇಳಿರುವುದಿಲ್ಲ ಸಾರ್" ಎಂದ. ಈ ಉತ್ತರಕ್ಕಾಗಿ ಅವನಿಗೆ ಕೃತಜ್ಞ. ಯಾಕೆ ಕೇಳಿರುವುದಿಲ್ಲ ಎಂಬುದೇ ವಿಷಯ.

ಕೇಳಬೇಕೆಂದಿದ್ದರೆ ನಾವು ಕೇಳುತ್ತೇವೆ. ಹೆದ್ದಾರಿಯ ಸುಂಕದ ಕಟ್ಟೆಯನ್ನು ನೋಡಿ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯಲ್ಲಿ ಬ್ಯಾಟರಿ ಕೂಡ ಇಲ್ಲ. ಎದುರಿನ ಯಂತ್ರ ಬೀರುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಸೊಗಸಾದ ಭೌತಶಾಸ್ತ್ರ! 2021ರ ಫೆಬ್ರವರಿಯಿಂದ ಕಡ್ಡಾಯವೂ ಆಯಿತು. ಬ್ಯಾಂಕಿನಿಂದ ಹಣ ಕಡಿತವಾಗಿ ಕಿಸೆಯಲ್ಲಿ ಮೊಬೈಲು ಕುಯ್ ಎನ್ನುತ್ತದೆ. ಅಲ್ಲಿ ಮೌನಕ್ಕೂ ನಿಯಮವಿದೆ: ಚೀಟಿಯಲ್ಲಿ ಹಣವಿದ್ದು ಕಟ್ಟೆಯ ಯಂತ್ರವೇ ಕೆಟ್ಟಿದ್ದರೆ, ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕೆಂದು 2018ರಲ್ಲೇ ನಿಯಮ ಮಾಡಿದ್ದಾರೆ. ಎಂಥ ನ್ಯಾಯವಾದ ನಿಯಮ! ಹಣದ ವಿಷಯದಲ್ಲಿ ಯಂತ್ರದ ತಪ್ಪು ಯಂತ್ರದವನದು. ಹಾಗಾದರೆ ಘಟ್ಟದಲ್ಲಿ ಸಿಗ್ನಲ್ ಸಿಗದಿದ್ದರೆ ಅದು ಚಾಲಕನ ತಪ್ಪು ಹೇಗಾಯಿತು? 2022ನೆಯ ಒಂದೇ ವರ್ಷ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ರಸ್ತೆಯಿಂದ ಹಣ ಮೇಲಕ್ಕೆ ಹೋಗುವ ತಂತಿ ಇಷ್ಟು ಚುರುಕಾಗಿರುವಾಗ, ರಸ್ತೆಗೆ ರಕ್ಷಣೆ ಇಳಿದು ಬರುವ ತಂತಿ ಯಾಕಿಷ್ಟು ಮಂದ?

ಅದೂ ಕಾಗದದಲ್ಲಿ ಇದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ವಾಹನಗಳಲ್ಲಿ (ಆಟೊಗಳಿಗೆ ವಿನಾಯಿತಿ) ಸ್ಥಳ ತಿಳಿಸುವ ಪೆಟ್ಟಿಗೆಯೂ ಆಪತ್ತಿನ ಗುಂಡಿಯೂ ಇರಬೇಕೆಂದು ಕೇಂದ್ರದ ನಿಯಮ. ಆ ಮಾನದಂಡದ ಪೆಟ್ಟಿಗೆ ಸಿಗ್ನಲ್ ಇಲ್ಲದಾಗಿನ ಸ್ಥಾನಗಳನ್ನು ತನ್ನ ನೆನಪಿನಲ್ಲಿಟ್ಟುಕೊಂಡು, ಸಿಗ್ನಲ್ ಬಂದೊಡನೆ ಕಳಿಸಬೇಕು ಎಂದೂ ಇದೆ. ನನ್ನ ಶಿಷ್ಯನ ಬಸ್ಸಿನ ಪೆಟ್ಟಿಗೆ ಅದನ್ನು ಮಾಡಲಿಲ್ಲವೋ, ಅಥವಾ ತಡವಾಗಿ ಬಂದ ಸಾಕ್ಷ್ಯವನ್ನು ಮೆಮೊ ಮುದ್ರಿಸುವ ಯಂತ್ರ ಓದಲಿಲ್ಲವೋ! ಎಲ್ಲ ಬಸ್ಸುಗಳಲ್ಲೂ ಆ ಕೆಂಪು ಗುಂಡಿಯನ್ನು ಒತ್ತಿದರೆ ಯಾವ ಕೋಣೆಯಲ್ಲಿ ಯಾರು ಎದ್ದು ಕೂರುತ್ತಾರೆ ಎಂದು ಪ್ರಯಾಣಿಕರಿಗೆ ಹೇಳಿದವರುಂಟೇ? ಯೂರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಲ್ಲಿ, ಜೋರಾಗಿ ಗುದ್ದಿದರೆ ಕಾರು ತಾನೇ 112ಕ್ಕೆ ಕರೆ ಮಾಡಿ ಸ್ಥಳ ಹೇಳಬೇಕೆಂಬ ಕಾನೂನಿದೆ. ಅಲ್ಲಿ ಕರೆ ಮಾಡುವ ಕಾರಿನ ಜೊತೆಗೇ ಕರೆ ಸ್ವೀಕರಿಸುವ ಕೋಣೆಗಳನ್ನೂ ಸಜ್ಜುಗೊಳಿಸಿದರು. (ಹಳೆಯ 2ಜಿ, 3ಜಿ ಜಾಲಗಳನ್ನು ನಂಬಿ ಮಾಡಿದ ಆ ವ್ಯವಸ್ಥೆ, ಆ ಜಾಲಗಳನ್ನು ಮುಚ್ಚುವ ಕಾಲ ಬಂದಾಗ ಪೇಚಿಗೆ ಸಿಕ್ಕಿತು. ಕಾರು ಹದಿನೈದು ವರ್ಷ ಬಾಳುತ್ತದೆ, ಮೊಬೈಲ್ ಜಾಲ ಅಷ್ಟು ಬಾಳುವುದಿಲ್ಲ. ನಾವು ಈಗ ಕೂರಿಸುತ್ತಿರುವ ಪೆಟ್ಟಿಗೆಗಳಿಗೂ ಈ ಗತಿ ಕಾದಿದೆ.)

ನಮ್ಮಲ್ಲಿ ಒಳ್ಳೆಯದು ಆಗಿಯೇ ಇಲ್ಲವೆಂದರೆ ಪಾಪ ತಟ್ಟೀತು. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ, ಸುಮಾರು 500 ಬಸ್ಸುಗಳಿಗೆ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ಇಂಥ ವ್ಯವಸ್ಥೆ ಬಂದಾಗ, ನಾನು ತಂಗಿಯ ಮನೆಗೆ ಹೋದವನು ತಂಗುದಾಣದಲ್ಲಿ ಫಲಕ ನೋಡುತ್ತ ಎರಡು ಬಸ್ಸು ಬಿಟ್ಟಿದ್ದೆ, ಅದು ಹೇಳಿದ ಹೊತ್ತಿಗೆ ಬಸ್ಸು ಬರುತ್ತದೆಯೇ ಎಂದು ಪರೀಕ್ಷಿಸಲು. ಬಂತು. ಕನ್ನಡದಲ್ಲಿ ಬರೆದಿತ್ತು, ಎಲ್ಲರ ತಲೆಯ ಮೇಲೆ ಎಲ್ಲರಿಗೂ ಕಾಣುವಂತಿತ್ತು. ಆ ಸಂತೋಷವನ್ನು ಮರೆತಿಲ್ಲ. ಜಪಾನಿನವರು 1996ರಿಂದ ರಸ್ತೆಯ ದಟ್ಟಣೆಯ ಸುದ್ದಿಯನ್ನು ಎಫ್‌ಎಂ ರೇಡಿಯೊ ಅಲೆಗಳ ಬೆನ್ನ ಮೇಲೇರಿಸಿ ಎಲ್ಲ ವಾಹನಗಳಿಗೂ ಬಿತ್ತುತ್ತಿದ್ದಾರೆ. ಅದನ್ನು ಪಡೆಯುವವನು ತಾನು ಯಾರು, ಎಲ್ಲಿಗೆ ಹೊರಟೆ ಎಂದು ಹೇಳಬೇಕಾಗಿಲ್ಲ. ಈಗ ನಮ್ಮಲ್ಲಿ ಫಲಕದ ಬಗ್ಗೆ ಕೇಳಿದರೆ, "ಆ್ಯಪ್ ಇದೆಯಲ್ಲ" ಎನ್ನುತ್ತಾರೆ. ಅತ್ತಿಗೆಯವರ ಕಣ್ಣಿಗೆ ಆ್ಯಪ್ ಕಾಣುವುದಿಲ್ಲ. ಹೂವಿನವಳ ಮೊಬೈಲಿನಲ್ಲಿ ಆ್ಯಪ್ ಇಲ್ಲ. ಬಸ್ಸಿಗೆ ಕಾಯುವವರಲ್ಲಿ ಹೆಚ್ಚಿನವರು ಯಾರೆಂದು ಒಂದು ದಿನ ತಂಗುದಾಣದಲ್ಲಿ ನಿಂತು ನೋಡಿ. ಫಲಕ ಕೆಟ್ಟಾಗ ಅದನ್ನು ಏಣಿ ಹತ್ತಿ ಸರಿಮಾಡುವ ಒಬ್ಬ ಮನುಷ್ಯನ ಸಂಬಳಕ್ಕೆ ಯಾವ ಉದ್ಘಾಟನೆಯೂ ಇರುವುದಿಲ್ಲ, ಕಲ್ಲಿನ ಮೇಲೆ ಯಾರ ಹೆಸರೂ ಬರುವುದಿಲ್ಲ. ಆದ್ದರಿಂದಲೇ ಆ ಮನುಷ್ಯ ಇರುವುದಿಲ್ಲ.

ಇನ್ನು ಮೆಮೊದ ಕಥೆ. ಅದರ ಜೊತೆಗೆ ಯಂತ್ರ ಮುದ್ರಿಸಿದ ಒಂದು ಹಾಳೆ ಲಗತ್ತಾಗಿತ್ತು. ಸಾಲು ಸಾಲಾಗಿ ಸಮಯ, ಸ್ಥಳ. ಓದುತ್ತ ಹೋದಂತೆ ನನಗೆ ನಗು ಬಂತು; ತುಂಬ ದಿನಗಳ ನಂತರ ಉತ್ತರ ಪತ್ರಿಕೆ ತಿದ್ದುವ ಹುರುಪು ಬಂತು. 9.12ರಿಂದ 9.48ರವರೆಗಿನ ಎಲ್ಲ ಸಾಲುಗಳಲ್ಲೂ ಅದೇ ದೇವಸ್ಥಾನದ ತಿರುವು. ಅದರ ಮುಂದಿನ ಸಾಲು, ಕೇವಲ ಹತ್ತು ಸೆಕೆಂಡಿನ ನಂತರದ್ದು: ಬಸ್ಸು 18 ಕಿಲೋಮೀಟರು ಮುಂದೆ, ಘಟ್ಟದ ಮೇಲಿನ ಊರಿನಲ್ಲಿ! "ನೀನೇ ಲೆಕ್ಕ ಮಾಡು" ಎಂದು ಪೆನ್ನು ಕೊಟ್ಟೆ. ಮೂರು ಅಂಕದಲ್ಲಿ ಫೇಲಾಗಿದ್ದವನು ನಿಧಾನವಾಗಿ ಮಾಡಿದ. ಹತ್ತು ಸೆಕೆಂಡಿಗೆ 18,000 ಮೀಟರು. ಸೆಕೆಂಡಿಗೆ 1,800 ಮೀಟರು. ಗಂಟೆಗೆ 6,480 ಕಿಲೋಮೀಟರು. ಶಬ್ದದ ವೇಗದ ಐದು ಪಟ್ಟು. ಇನ್ನೊಂದು ಕಡೆ, 18 ಕಿಲೋಮೀಟರನ್ನು 36 ನಿಮಿಷಕ್ಕೆ ಹಂಚಿದರೆ ಗಂಟೆಗೆ 30 ಕಿಲೋಮೀಟರು. ಮಳೆಯಲ್ಲಿ, ತಿರುವುಗಳಲ್ಲಿ, ಒಬ್ಬ ಜವಾಬ್ದಾರಿಯುಳ್ಳ ಚಾಲಕ ಹೋಗಬೇಕಾದ ವೇಗ. "ಸಾರ್, ಹಾಗಾದರೆ ನಾನು ಓವರ್‌ಸ್ಪೀಡಿಗೂ ಮೆಮೊ ತಗೋಬೇಕಲ್ಲ" ಎಂದು ಅವನು ನಕ್ಕಾಗ, ಒಳಗಿನಿಂದ ನನ್ನ ಮನೆಯಾಕೆ ಕಾಫಿ ತಂದಳು.

ಉತ್ತರವನ್ನು ನಾಲ್ಕು ವಾಕ್ಯದಲ್ಲಿ ಬರೆದುಕೊಟ್ಟೆ. ಲೆಕ್ಕವನ್ನು ಕೆಳಗೆ ಲಗತ್ತಿಸಿ, ಆ ದಿನ ನಡುವಿನ ನಿಲುಗಡೆಗಳಲ್ಲಿ ಕಂಡಕ್ಟರ್ ಕೊಟ್ಟ ಟಿಕೆಟ್ಟುಗಳ ಸಮಯವನ್ನು ಟಿಕೆಟ್ ಯಂತ್ರದಿಂದ ತೆಗೆದು ನೋಡಬೇಕೆಂದು ಕೋರಿದೆ. ನಿಂತ ಬಸ್ಸಿಗೆ ಮುಂದಿನ ಊರಿನ ಜನ ಹತ್ತಲು ಸಾಧ್ಯವಿಲ್ಲವಲ್ಲ. ಯಂತ್ರದ ದಾಖಲೆಯನ್ನು ಆಧರಿಸಿ ಯಾವ ನೌಕರನಿಗೆ ಮೆಮೊ ಕೊಟ್ಟರೂ, ಸಿಗ್ನಲ್ ಇಲ್ಲದ ಹೊತ್ತನ್ನು "ಸಿಗ್ನಲ್ ಇಲ್ಲ" ಎಂದೇ ಗುರುತಿಸಿ, ಆ ದಾಖಲೆಯನ್ನು ಅವನಿಗೂ ಮೊದಲೇ ತೋರಿಸಬೇಕೆಂದು ಕೊನೆಯ ವಾಕ್ಯದಲ್ಲಿ ಸೇರಿಸಿದೆ. ಅವನು ಸಹಿ ಹಾಕಿ, ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದಾನೆ.

ಅದಾಗಿ ಹತ್ತೊಂಬತ್ತು ದಿನವಾಯಿತು, ಉತ್ತರ ಬಂದಿಲ್ಲ. ಅವನು ದಿನವೂ ಅದೇ ಘಟ್ಟ ಹತ್ತುತ್ತಿದ್ದಾನೆ. ಈಗ ತಿರುವು ಬಂದಾಗಲೆಲ್ಲ ಕಂಡಕ್ಟರ್ ಗಡಿಯಾರ ನೋಡಿ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಮಯ ಬರೆದುಕೊಳ್ಳುತ್ತಾನಂತೆ. ನಿಮ್ಮಲ್ಲಿ ಕೆಲವರು ಇಂಥ ಜಾಲಗಳನ್ನು ಕಟ್ಟುವ ಕಂಪನಿಗಳಲ್ಲಿದ್ದೀರಿ, ಇಬ್ಬರು ಮೂವರು ಟೆಂಡರು ಬರೆಯುವ ಸ್ಥಾನದಲ್ಲೇ ಇದ್ದೀರಿ ಎಂದು ನನಗೆ ಗೊತ್ತು. "ಕೊನೆಯ ಸುದ್ದಿ ಬಂದ ಸಮಯ" ಎಂಬ ಆ ಒಂದು ಸಾಲನ್ನು ಸೇರಿಸಲು ನಿಮ್ಮ ಕಡೆ ಏನು ಅಡ್ಡಿಯಿದೆ ಎಂಬುದನ್ನು ನನಗೆ ಬರೆದು ತಿಳಿಸಿ. ಅರ್ಥವಾಗದಿದ್ದರೆ ಮತ್ತೆ ಕೇಳುತ್ತೇನೆ. ಮೆಮೊಕ್ಕೆ ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ. ವಿಜ್ಞಾನದ ಕೋಣೆಯ ಕಥೆ ಮುಂದಿನ ತಿಂಗಳು.